ಸೇವೆಯ ಪೀರಿಯಡ್ಡಿಗೆ ಗಣಿತದ ಟೀಚರ್

ನಾನು ಗಣಿತ ಕಲಿಸುವವಳು. ನಮ್ಮ ಶಾಲೆಯನ್ನು ನಡೆಸುವುದು ಒಂದು ಕ್ರೈಸ್ತ ಸಂಸ್ಥೆ. ಇಂಥ ಶಾಲೆಗಳಲ್ಲಿ ದೊಡ್ಡ ತರಗತಿಯ ಮಕ್ಕಳಿಗೆ ಸಮಾಜಸೇವೆ ಕಡ್ಡಾಯ ಮಾಡುವುದು ಹೊಸದೇನಲ್ಲ. ವರ್ಷಕ್ಕೆ ಇಷ್ಟು ಗಂಟೆ ಅಂತ ಗೊತ್ತು ಮಾಡಿರುತ್ತಾರೆ. ಮಕ್ಕಳು ಎಲ್ಲೋ ಹೋಗಿ, ಏನೋ ಮಾಡಿ, ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಬರುತ್ತಾರೆ. ಆ ಗಂಟೆಗಳನ್ನೆಲ್ಲ ಕೂಡಿಸುವುದಕ್ಕೆ ಒಬ್ಬರು ಬೇಕಲ್ಲ. ಅದಕ್ಕೇ ಇರಬೇಕು, ಇದನ್ನು ನೋಡಿಕೊಳ್ಳುತ್ತಿದ್ದ ಟೀಚರ್ ನಿವೃತ್ತರಾದಾಗ ಪ್ರಿನ್ಸಿಪಾಲ್ ಫಾದರ್ ನನ್ನನ್ನು ಕರೆದರು. "ಲೆಕ್ಕ ನಿಮ್ಮ ವಿಷಯ ಅಲ್ವಾ ಮಿಸ್, ಇದನ್ನೂ ನೀವೇ ನೋಡಿಕೊಳ್ಳಿ" ಅಂದರು.

ಹಳೆಯ ಫೈಲುಗಳನ್ನು ಮನೆಗೆ ತಂದು ನೋಡಿದೆ. ದಿನಾಂಕ, ಸ್ಥಳ, ಗಂಟೆ, ಸಹಿ. ಕೊನೆಯಲ್ಲಿ 'ನಿಮ್ಮ ಅನುಭವ' ಅಂತ ಎರಡು ಗೆರೆ ಜಾಗ. ಗಂಟೆಗಳೆಲ್ಲ ಪೂರ್ಣಾಂಕ. ನಾಲ್ಕು ಗಂಟೆ ಹತ್ತು ನಿಮಿಷ ಕೆಲಸ ಮಾಡಿದ ಮಗು ಇಡೀ ಶಾಲೆಯಲ್ಲಿ ಒಂದೂ ಇರಲಿಲ್ಲ. ಅನುಭವದ ಜಾಗದಲ್ಲಿ ಹೆಚ್ಚು ಕಡಿಮೆ ಎಲ್ಲರದೂ ಒಂದೇ ಸಾಲು: ಇನ್ನೊಬ್ಬರಿಗೆ ಸಹಾಯ ಮಾಡಿದ್ದರಿಂದ ತುಂಬಾ ಖುಷಿಯಾಯಿತು. ಕೆಲವರು ಎಲ್ಲಿಗೆ ಹೋಗಿದ್ದರು, ಅಲ್ಲಿ ಯಾರಿದ್ದರು ಅನ್ನುವುದೇ ಆ ಹಾಳೆಯಿಂದ ತಿಳಿಯುತ್ತಿರಲಿಲ್ಲ.

ಫಾದರ್ ಹತ್ತಿರ ಹೋಗಿ ಗಂಟೆಯ ಲೆಕ್ಕವನ್ನೇ ತೆಗೆದುಬಿಡೋಣವಾ ಅಂತ ಕೇಳಿದೆ. ಅವರು ಬೈಬಲ್ಲಿನ ಶುಭಸಂದೇಶದಿಂದಲೇ, ಅಂದರೆ ಯೇಸುವಿನ ಬದುಕು ಮತ್ತು ಮಾತುಗಳನ್ನು ಹೇಳುವ ಭಾಗದಿಂದಲೇ, ಉತ್ತರ ಕೊಟ್ಟರು, ಆದರೆ ಅದು ನನ್ನ ಪರವಾಗಿಯೇ ಇತ್ತು. ಮತ್ತಾಯನ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ಚಿತ್ರ ಬರುತ್ತದೆ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳ ಮತ್ತು ಸೆರೆಯಲ್ಲಿರುವವರ ಭೇಟಿ. ಒಟ್ಟು ಆರು. ಸತ್ತವರನ್ನು ಮಣ್ಣು ಮಾಡುವುದನ್ನು ಏಳನೆಯದಾಗಿ ಧರ್ಮಸಭೆ, ಅಂದರೆ ಚರ್ಚು, ಆಮೇಲೆ ಸೇರಿಸಿತು. "ಗಮನಿಸಿ ಮಿಸ್, ಇದನ್ನೆಲ್ಲ ಮಾಡಿದವರೇ 'ಸ್ವಾಮಿ, ನಾವು ಯಾವಾಗ ಮಾಡಿದೆವು?' ಅಂತ ಕೇಳುತ್ತಾರೆ. ಮಾಡಿದ್ದು ಅವರಿಗೇ ಗೊತ್ತಿಲ್ಲ. ಹಾಳೆ ಇಟ್ಟಿರಲಿಲ್ಲ ಅಂತ ಕಾಣುತ್ತದೆ" ಅಂದು ನಕ್ಕರು. ಸ್ವಲ್ಪ ಹೊತ್ತಿಗೇ "ಆದರೆ ಗಂಟೆ ಬೇಡ ಅಂದರೆ ಎಷ್ಟು ಮಕ್ಕಳು ಹೋಗುತ್ತಾರೆ?" ಅಂತಲೂ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪಠ್ಯಕ್ರಮದಲ್ಲೂ ಮೊದಲು ಇಂಥ ಚಟುವಟಿಕೆಗಳಿಗೆ 150 ಗಂಟೆಯ ಲೆಕ್ಕ ಇತ್ತು. ಆಮೇಲೆ ಅದನ್ನು ಕೈಬಿಟ್ಟು, 18 ತಿಂಗಳು ಬಿಡದೆ ನಡೆಸಿಕೊಂಡು ಹೋಗಬೇಕು ಅಂತ ಬದಲಾಯಿಸಿದರು. ನಾವೂ ಒಂದು ರಾಜಿಗೆ ಬಂದೆವು. ಗಂಟೆ ಇರಲಿ. ಆದರೆ ಸಿಕ್ಕ ಸಿಕ್ಕ ಕಡೆ ಹೋಗಿ ತುಂಬಿಸುವ ಹಾಗಿಲ್ಲ. ವರ್ಷವಿಡೀ ಒಂದೇ ಜಾಗ, ವಾರಕ್ಕೊಮ್ಮೆ, ಇಬ್ಬಿಬ್ಬರಾಗಿ.

ಇಬ್ಬಿಬ್ಬರಾಗಿ ಹೋಗುವ ಪದ್ಧತಿ ನನ್ನದಲ್ಲ. ಸಂತ ವಿನ್ಸೆಂಟ್ ದಿ ಪೌಲ್ ಸೊಸೈಟಿಯವರು ಬಡವರ ಮನೆಗಳಿಗೆ ಹೋಗುವುದೇ ಹಾಗೆ. ಆ ಸೊಸೈಟಿ ಹುಟ್ಟಿದ ಕಥೆಯನ್ನು ನಾನು ಮಕ್ಕಳಿಗೆ ಮೊದಲ ದಿನವೇ ಹೇಳಿದೆ, ಯಾಕೆಂದರೆ ಅದನ್ನು ಶುರು ಮಾಡಿದವರು ವಿದ್ಯಾರ್ಥಿಗಳು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಒಜಾನಾಂ ಅನ್ನುವ 20 ವರ್ಷದ ಹುಡುಗ ಓದುತ್ತಿದ್ದ. ಚರ್ಚೆಯೊಂದರಲ್ಲಿ ಎದುರಾಳಿಗಳು ಕೇಳಿದರು: ನಿಮ್ಮ ಚರ್ಚು ಹಿಂದೆ ಏನು ಮಾಡಿತು ಅನ್ನುವುದು ಬೇಡ, ಈಗ ಬಡವರಿಗೆ ಏನು ಮಾಡುತ್ತಿದೆ ಹೇಳಿ. ಒಜಾನಾಂ ವಾದ ಮುಂದುವರಿಸಲಿಲ್ಲ. ಕೆಲವು ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗಳಿಗೆ ಹೋಗತೊಡಗಿದ. ಯಾವ ಮನೆಗೆ ಹೋಗಬೇಕು, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಆ ಹುಡುಗರಿಗೆ ಹೇಳಿಕೊಟ್ಟವರು ಸಿಸ್ಟರ್ ರೊಸಾಲಿ ರೆಂಡು ಅನ್ನುವ ಸನ್ಯಾಸಿನಿ. ನನಗೆ ಈ ಕಥೆಯಲ್ಲಿ ಹಿಡಿಸುವುದು ಆ ಸಿಸ್ಟರ್ ಪಾತ್ರ. ಹುಡುಗರಿಗೆ ಹುಮ್ಮಸ್ಸು ಇತ್ತು. ಆದರೆ ಯಾವ ಬಾಗಿಲು ತಟ್ಟಬೇಕು ಅನ್ನುವುದು ಗೊತ್ತಿದ್ದದ್ದು ಅವರಿಗೆ ಮಾತ್ರ.

ನಮಗೂ ಅಂಥವರೊಬ್ಬರು ಬೇಕಿತ್ತು. ಸಿಸ್ಟರುಗಳು ನಡೆಸುವ ಒಂದು ವೃದ್ಧಾಶ್ರಮಕ್ಕೆ ಹೋದೆ. ಅಲ್ಲಿನ ಹಿರಿಯ ಸಿಸ್ಟರ್ ನನ್ನ ಮಾತು ಮುಗಿಯುವವರೆಗೂ ಕಾದು, "ಮಕ್ಕಳು ಬಂದರೆ ನಮಗೆ ಎರಡು ಕೆಲಸ ಮಿಸ್. ಅಜ್ಜಿಯರನ್ನೂ ನೋಡಬೇಕು, ನಿಮ್ಮ ಮಕ್ಕಳನ್ನೂ ನೋಡಬೇಕು" ಅಂದರು. ಅವರ ಅನುಭವ ಅದು. ಹಬ್ಬದ ದಿನ ಒಂದರ ಹಿಂದೆ ಒಂದು ಗುಂಪು ಬರುತ್ತದೆ. ಹಾಡುತ್ತಾರೆ, ಏನೋ ಹಂಚುತ್ತಾರೆ, ಫೋಟೋ ತೆಗೆಯುತ್ತಾರೆ, ಹೊರಡುತ್ತಾರೆ. ಮಾರನೆಯ ದಿನದಿಂದ ಯಾರೂ ಇಲ್ಲ. ಹಂಚಿದ ವಸ್ತುಗಳು ಬೀರುವಿನಲ್ಲಿ ತುಂಬಿಕೊಂಡಿವೆ.

"ಹಾಗಾದರೆ ನಿಮಗೆ ಏನು ಬೇಕು ಸಿಸ್ಟರ್?" ಅಂದೆ. ಈ ಪ್ರಶ್ನೆ ಅವರಿಗೆ ಹೊಸದು ಅನ್ನಿಸಿರಬೇಕು, ಒಳಗೆ ಹೋಗಿ ಇನ್ನೊಬ್ಬ ಸಿಸ್ಟರನ್ನು ಕರೆದುಕೊಂಡು ಬಂದರು. ಇಬ್ಬರೂ ಸೇರಿ ಹೇಳಿದ್ದು: ಊಟದ ಹೊತ್ತಿಗೆ ಕೈ ಬೇಕು. ತಾವಾಗಿ ತಿನ್ನಲಾರದವರು ಹಲವರಿದ್ದಾರೆ, ಉಣಿಸುವವರು ಕಡಿಮೆ. ಪತ್ರಿಕೆ ಓದಿ ಹೇಳುವವರು ಬೇಕು. ಉಗ್ರಾಣದಲ್ಲಿ ಏನಿದೆ ಏನಿಲ್ಲ ಅಂತ ಬರೆದಿಡುವವರು ಬೇಕು. ಹಾಡು ಬೇಡ.

1968ರಲ್ಲಿ ಇವಾನ್ ಇಲಿಚ್ ಅನ್ನುವ ಪಾದ್ರಿ, ಬೇಸಿಗೆ ರಜೆಯಲ್ಲಿ ಸೇವೆ ಮಾಡಲು ಮೆಕ್ಸಿಕೋಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ನಿಂತು ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ದರು. ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಅನ್ನುವುದು ಅದರ ಸಾರ. ಅದನ್ನು ಪೂರ್ತಿ ಒಪ್ಪಿದರೆ ನಮ್ಮ ಕಾರ್ಯಕ್ರಮವನ್ನೇ ಮುಚ್ಚಬೇಕಾಗುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಬೀರುವಿನ ತುಂಬ ಯಾರೂ ಕೇಳದ ವಸ್ತುಗಳನ್ನು ನೋಡಿದ ಮೇಲೆ ಅವರ ಸಿಟ್ಟು ಎಲ್ಲಿಂದ ಬಂತು ಅನ್ನುವುದಂತೂ ಅರ್ಥವಾಯಿತು.

ಎರಡನೆಯ ಜಾಗ ಚರ್ಚಿನ ಸಭಾಂಗಣದಲ್ಲಿ ಸಂಜೆ ನಡೆಯುವ ಉಚಿತ ಪಾಠ. ಸಣ್ಣ ತರಗತಿಯ ಮಕ್ಕಳಿಗೆ ಓದು, ಲೆಕ್ಕ ಹೇಳಿಕೊಡುವುದು. ಅರ್ಧ ತರಗತಿ ಅಲ್ಲಿಗೆ, ಅರ್ಧ ಆಶ್ರಮಕ್ಕೆ.

ಕಾಗದದ ಕೆಲಸದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ಪೋಷಕರ ಒಪ್ಪಿಗೆ ಪತ್ರ. ಮಕ್ಕಳ ರಕ್ಷಣೆಯ ನಿಯಮಗಳು: ಬಾಗಿಲು ಮುಚ್ಚಿದ ಕೋಣೆಯಲ್ಲಿ ಯಾರೂ ಯಾರ ಜೊತೆಗೂ ಒಬ್ಬರೇ ಇರುವ ಹಾಗಿಲ್ಲ, ದೊಡ್ಡವರೊಬ್ಬರು ಸದಾ ಕಣ್ಣಳತೆಯಲ್ಲಿರಬೇಕು, ಫೋನು ಬ್ಯಾಗಿನಲ್ಲಿರಬೇಕು, ಫೋಟೋ ಇಲ್ಲ. ನೆಗಡಿ ಜ್ವರ ಇದ್ದವರು ಆಶ್ರಮಕ್ಕೆ ಬರುವ ಹಾಗಿಲ್ಲ. ಇನ್ನೊಂದು ನಿಯಮವನ್ನು ಫಾದರ್ ತಾವೇ ಸೇರಿಸಿದರು: ಅಲ್ಲಿ ಯಾರೂ ಯಾರಿಗೂ ಧರ್ಮದ ಬಗ್ಗೆ ಬೋಧನೆ ಮಾಡಬಾರದು. ಕೇಳಿದರೆ ಜೊತೆಗೆ ಕೂತು ಪ್ರಾರ್ಥನೆ ಮಾಡಬಹುದು, ಅಷ್ಟೇ.

ಆ ನಿಯಮ ಓದಿದಾಗಲೇ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಕೈ ಎತ್ತಿದಳು. "ಮಿಸ್, ನಾನು ಕ್ರೈಸ್ತಳಲ್ಲ. ಇದು ಕ್ರೈಸ್ತ ಸೇವೆ ಅಲ್ವಾ? ನಾನು ಮಾಡಿದರೆ ಅದು ಏನಾಗುತ್ತೆ?" ತರಗತಿ ನಕ್ಕಿತು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಅವಳಂಥ ಮಕ್ಕಳು ತರಗತಿಯಲ್ಲಿ ಇನ್ನೂ ಹಲವರಿದ್ದರು. ಆ ದಿನ ಫಾದರ್ ಕೂಡ ಇದ್ದರು. ಲೂಕನ ಶುಭಸಂದೇಶದ ಸಮಾರಿಯದವನ ಕಥೆ ಹೇಳಿದರು. ದಾರಿಯಲ್ಲಿ ಒಬ್ಬ ಏಟು ತಿಂದು ಬಿದ್ದಿದ್ದಾನೆ. ಯಾಜಕ ನೋಡಿ ಪಕ್ಕದಿಂದ ಹೋಗುತ್ತಾನೆ. ದೇವಾಲಯದ ಸೇವೆ ಮಾಡುವ ಲೇವಿಯೂ ಹಾಗೇ ಹೋಗುತ್ತಾನೆ. ನಿಂತು ಗಾಯ ಕಟ್ಟಿದವನು ಯೆಹೂದ್ಯರ ಕಣ್ಣಿಗೆ ಧರ್ಮ ಸರಿಯಿಲ್ಲದ ಸಮಾರಿಯದವನು. "ಈ ಕಥೆಯಲ್ಲಿ ನನ್ನ ಕಡೆಯವರು ಹಾದು ಹೋದವರು ಮಗಳೇ" ಅಂದರು ಫಾದರ್, ತಮ್ಮ ನಿಲುವಂಗಿ ತೋರಿಸಿ. ಹುಡುಗಿ ಮತ್ತೆ ಕೇಳಲಿಲ್ಲ. ನನಗೆ ಮಾತ್ರ ಅವಳ ಪ್ರಶ್ನೆ ಪೂರ್ತಿ ತೀರಿತು ಅನ್ನಿಸಲಿಲ್ಲ. ಕಡ್ಡಾಯ ಮಾಡಿದ್ದನ್ನು ಸೇವೆ ಅನ್ನಬಹುದಾ ಅನ್ನುವುದೂ ಅದರೊಳಗೆ ಇತ್ತಲ್ಲ.

ಹೋಗುವ ಮೊದಲು ಸಿಸ್ಟರ್ ಶಾಲೆಗೆ ಬಂದು ಉಣಿಸುವುದನ್ನು ಕಲಿಸಿದರು. ಇದು ನಾನು ನೋಡಿದ ಒಳ್ಳೆಯ ಪಾಠಗಳಲ್ಲಿ ಒಂದು. ಮಕ್ಕಳನ್ನು ಜೋಡಿಯಾಗಿ ಕೂರಿಸಿದರು. ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರು ಚಮಚದಲ್ಲಿ ತಿನ್ನಿಸಬೇಕು. ಮೊದಲ ಎರಡು ನಿಮಿಷ ಬರೀ ನಗು. ಆಮೇಲೆ ಒಬ್ಬ ಹುಡುಗ ಕಣ್ಣು ಬಿಟ್ಟು ಗೆಳೆಯನಿಗೆ ಬೈದ: "ಹೇಳಿ ತಿನ್ಸೋ! ಚಮಚ ಯಾವಾಗ ಬರುತ್ತೆ ಅಂತ ಗೊತ್ತಾಗಲ್ಲ, ಹೆದರಿಕೆಯಾಗುತ್ತೆ." ಸಿಸ್ಟರ್ ಅದಕ್ಕೇ ಕಾಯುತ್ತಿದ್ದರು. ಒಂದೊಂದಾಗಿ ತೋರಿಸಿದರು. ತಿನ್ನುವವರು ನೆಟ್ಟಗೆ ಕೂತಿರಬೇಕು, ಒರಗಿರಬಾರದು. ಉಣಿಸುವವರು ನಿಲ್ಲಬಾರದು, ಎದುರಿಗೆ ಅದೇ ಎತ್ತರದಲ್ಲಿ ಕೂರಬೇಕು. ನಿಂತು ಉಣಿಸಿದರೆ ಅವರು ತಲೆ ಎತ್ತುತ್ತಾರೆ, ತಲೆ ಎತ್ತಿದರೆ ಊಟ ಶ್ವಾಸನಾಳಕ್ಕೆ ಹೋಗುವ ಅಪಾಯ ಜಾಸ್ತಿ. ಚಮಚದಲ್ಲಿ ಸ್ವಲ್ಪವೇ. ಏನು ಕೊಡುತ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳಿ. ಕೊಟ್ಟ ಮೇಲೆ ಗಂಟಲು ನೋಡಿ. ಅದು ಮೇಲೆ ಹೋಗಿ ಕೆಳಗೆ ಬರಬೇಕು. ಬಂದ ಮೇಲೆಯೇ ಮುಂದಿನ ಚಮಚ. ದನಿ ಗೊರಗೊರ ಅಂದರೆ, ಕೆಮ್ಮಿದರೆ, ನಿಲ್ಲಿಸಿ ನಮ್ಮನ್ನು ಕರೆಯಿರಿ. ಊಟ ಆದ ಕೂಡಲೇ ಮಲಗಿಸಬೇಡಿ, ಅರ್ಧ ಗಂಟೆಯಾದರೂ ಕೂತಿರಲಿ.

"ಎಷ್ಟು ಹೊತ್ತು ಹಿಡಿಯುತ್ತೆ ಸಿಸ್ಟರ್?" ಅಂತ ಒಬ್ಬಳು ಕೇಳಿದಳು.

"ಅವರಿಗೆ ಎಷ್ಟು ಹಿಡಿಯುತ್ತದೋ ಅಷ್ಟು."

ಗಾಲಿಕುರ್ಚಿಗೂ ಇಂಥದೇ ಪಾಠ ಆಯಿತು. ಬ್ರೇಕು ಹಾಕದೆ ಎಬ್ಬಿಸಬಾರದು. ಕಾಲಿಡುವ ಹಲಗೆ ಮಡಚದೆ ಇಳಿಸಬಾರದು. ಕಡಿದಾದ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಸಬೇಕು. ತಳ್ಳುವ ಮೊದಲು ಕೂತಿರುವವರಿಗೆ ಹೇಳಬೇಕು. ಮರೆವಿನ ಕಾಯಿಲೆ ಇರುವವರ ಹತ್ತಿರ 'ನನ್ನ ನೆನಪಿದೆಯಾ ಅಜ್ಜಿ?' ಅಂತ ಕೇಳುವ ಹಾಗಿಲ್ಲ, ಅದು ಪರೀಕ್ಷೆ ಮಾಡಿದ ಹಾಗೆ. ಪ್ರತಿ ಸಲವೂ ಹೆಸರು ಹೇಳಿ ಹೊಸದಾಗಿ ಶುರು ಮಾಡಬೇಕು.

ಇಷ್ಟೆಲ್ಲ ಕಲಿತು ಹೋದರೂ ಮೊದಲ ಕೆಲವು ವಾರ ಮಕ್ಕಳು ಗೋಡೆಗೆ ಅಂಟಿಕೊಂಡು ನಿಂತರು. ವಾಸನೆ, ಕೂಗು, ಸುಮ್ನೆ ಕೈ ಹಿಡಿದುಕೊಂಡು ಬಿಡದ ಅಜ್ಜಿಯರು. ಇಬ್ಬರು ಹುಡುಗರು ತೋಟಕ್ಕೆ ನೀರು ಹಾಕುವ ಕೆಲಸ ಹುಡುಕಿಕೊಂಡು ಆ ಕಡೆ ಹೋಗಿಬಿಟ್ಟರು. ಸಿಸ್ಟರ್ ಬೈಯಲಿಲ್ಲ. ತೋಟದ ಬೆಂಚಿಗೇ ಇಬ್ಬರು ಅಜ್ಜಂದಿರನ್ನು ಕರೆತಂದು ಕೂರಿಸಿದರು.

ಅದರಲ್ಲಿ ಒಬ್ಬ ಅಜ್ಜನಿಗೆ ಕಣ್ಣು ಮಂಜು. ಪತ್ರಿಕೆ ಓದಿಸಿಕೊಳ್ಳುವುದು ಅವರ ಹಕ್ಕು ಅನ್ನುವ ಹಾಗೆ ಕೂರುತ್ತಿದ್ದರು. ಹುಡುಗ ಮೊದಲ ಪುಟದಿಂದ ಶುರು ಮಾಡಿದರೆ "ಅದು ಬೇಡಪ್ಪ, ಹಿಂದಿನಿಂದ ಬಾ" ಅನ್ನುತ್ತಿದ್ದರು. ಮೊದಲು ಆಟದ ಪುಟ, ಆಮೇಲೆ ತೀರಿಕೊಂಡವರ ಪಟ್ಟಿ, ಕೊನೆಗೆ ರಾಜಕೀಯ, ಅದೂ ಹೊತ್ತಿದ್ದರೆ. ಓದುವಾಗ ಹುಡುಗ ಅಂಕಿಗಳನ್ನು ನುಂಗುತ್ತಿದ್ದ. "ಸ್ಕೋರು ಸರಿಯಾಗಿ ಹೇಳು, ನಾನು ಮನಸ್ಸಿನಲ್ಲೇ ಬರೆದುಕೊಳ್ಳಬೇಕು" ಅಂತ ಗದರಿಸುತ್ತಿದ್ದರು. ತರಗತಿಯಲ್ಲಿ ಓದು ಅಂದರೆ ಎದ್ದು ನಿಲ್ಲದ ಈ ಹುಡುಗ ವರ್ಷದ ಮಧ್ಯದ ಹೊತ್ತಿಗೆ ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದ. ಭಾಷಾ ಟೀಚರ್ ಇದನ್ನು ಗಮನಿಸಿ ನನ್ನನ್ನು ಕೇಳಿದರು. ಅಜ್ಜ ಕಲಿಸಿದ್ದು ಅಂದೆ.

ಇನ್ನೊಬ್ಬ ಅಜ್ಜ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಒಂದು ದಿನ ಅವರ ಶೂ ಲೇಸು ಬಿಚ್ಚಿ ನೆಲಕ್ಕೆ ತಾಗುತ್ತಿತ್ತು. ನಮ್ಮ ಹುಡುಗಿ ಎಡವಿ ಬಿದ್ದಾರು ಅಂತ ಬಗ್ಗಿ ಕಟ್ಟಲು ಹೋದಳು. ಅವರು ಕಾಲು ಎಳೆದುಕೊಂಡು ಜೋರಾಗಿ ಕೂಗಿದರು. ಅವಳು ಅತ್ತುಬಿಟ್ಟಳು. ವಾಪಸ್ ಬರುವಾಗ ಬಸ್ಸಿನಲ್ಲಿ "ಒಳ್ಳೇದು ಮಾಡೋಕೆ ಹೋದರೆ ಬೈತಾರೆ, ನಾನು ಇನ್ನು ಬರಲ್ಲ ಮಿಸ್" ಅಂದಳು. ಮುಂದಿನ ತರಗತಿಯಲ್ಲಿ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯ ಓದಿಸಿದೆ. ಯೇಸು ಶಿಷ್ಯರ ಪಾದ ತೊಳೆಯುವ ಭಾಗ. ಅದನ್ನು ತೊಳೆಯುವವರ ದೊಡ್ಡತನ ಹೇಳಲು ಬಳಸುವುದೇ ರೂಢಿ. ಆದರೆ ಅಲ್ಲಿ ಪೇತ್ರನೂ ಇದ್ದಾನೆ. 'ನೀವು ನನ್ನ ಪಾದ ತೊಳೆಯುವುದೇ? ಎಂದಿಗೂ ಬೇಡ' ಅನ್ನುತ್ತಾನೆ. ಇನ್ನೊಬ್ಬರು ನಮ್ಮ ಕಾಲ ಬಳಿ ಬಗ್ಗುವುದನ್ನು ತಡೆದುಕೊಳ್ಳುವುದು ಸುಲಭ ಅಲ್ಲ. ಆ ಅಜ್ಜ ಬದುಕಿಡೀ ತಮ್ಮ ಲೇಸು ತಾವೇ ಕಟ್ಟಿಕೊಂಡವರು. ಹುಡುಗಿ ಮುಂದಿನ ವಾರ ಬಂದಳು. ಅವರ ಪಕ್ಕ ಒಂದು ಕುರ್ಚಿ ಹಾಕಿ, ಅವರು ಕಾಲು ಮೇಲಿಟ್ಟು ತಾವೇ ಕಟ್ಟಿಕೊಳ್ಳಲಿ ಅಂತ ಒಂದು ಗಿಡ್ಡ ಸ್ಟೂಲು ತಂದಿಟ್ಟಳು. ಅವರು ಸ್ಟೂಲು ಬಳಸಿದರು. ಅವಳಿಗೆ ಥ್ಯಾಂಕ್ಸ್ ಹೇಳಲಿಲ್ಲ.

ಇಂಥದ್ದು ನಡೆದಾಗ ಅದನ್ನು ಬರೆದಿಡುವುದು ಹೇಗೆ ಅನ್ನುವುದೇ ನನ್ನ ದೊಡ್ಡ ತಲೆನೋವು. ಬೆಲ್ಜಿಯಮ್ಮಿನ ಪಾದ್ರಿ ಜೋಸೆಫ್ ಕಾರ್ಡೈನ್ ದುಡಿಯುವ ಯುವಜನರನ್ನು ಸಂಘಟಿಸುವಾಗ ಮೂರು ಹೆಜ್ಜೆಯ ಕ್ರಮ ಬಳಸುತ್ತಿದ್ದರು: ನೋಡು, ತೂಗಿ ನೋಡು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ, ಅಂದರೆ ಇಡೀ ಚರ್ಚಿಗೆ ಬರೆದ ಪತ್ರದಲ್ಲಿ, ಇದನ್ನೇ ಎತ್ತಿ ಹೇಳಿದ ಮೇಲೆ ಕಥೋಲಿಕ ಶಾಲೆಗಳಲ್ಲಿ ಇದು ಬಹಳ ಕಡೆ ಬಳಕೆಗೆ ಬಂತು. ನಾನು ಹಳೆಯ ಹಾಳೆ ತೆಗೆದು ಒಂದು ನೋಟ್‌ಬುಕ್ ಮಾಡಿಸಿದೆ. ಇವತ್ತು ಏನು ನೋಡಿದೆ? ಅದು ಯಾಕೆ ಹಾಗಿದೆ? ಮುಂದಿನ ವಾರ ಏನು ಬೇರೆ ಮಾಡುತ್ತೀಯ? ಮೂರೇ ಪ್ರಶ್ನೆ. ಖುಷಿಯಾಯಿತು, ಬೇಜಾರಾಯಿತು ಅಂತ ಮೊದಲ ಪ್ರಶ್ನೆಗೆ ಬರೆದರೆ ವಾಪಸ್ ಕೊಡುತ್ತಿದ್ದೆ. ಗಣಿತದಲ್ಲಿ ಹಂತ ತೋರಿಸದೆ ಉತ್ತರ ಮಾತ್ರ ಬರೆದರೆ ಮಾರ್ಕ್ಸ್ ಕೊಡುತ್ತೇವಾ? ಇದೂ ಅಷ್ಟೇ. ಯಾವ ಅಜ್ಜಿ, ಎಲ್ಲಿ ಕೂತಿದ್ದರು, ಏನಂದರು, ನೀನು ಆಗ ಏನು ಮಾಡಿದೆ, ಅದನ್ನು ಬರಿ.

ಮಕ್ಕಳು ಗೊಣಗಿದರು. ಆದರೆ ಬರಹ ಬದಲಾಯಿತು. 'ಅಜ್ಜಿಗೆ ಊಟ ಮಾಡಿಸಿದೆ' ಅಂತ ಬರೆಯುತ್ತಿದ್ದವಳು, 'ಅಜ್ಜಿ ಎಡಗಡೆಯಿಂದ ಕೊಟ್ಟರೆ ಬಾಯಿ ತೆರೆಯುವುದಿಲ್ಲ, ಬಲಗಡೆಯಿಂದ ಕೊಟ್ಟರೆ ತೆರೆಯುತ್ತಾರೆ, ಸಿಸ್ಟರನ್ನು ಕೇಳಿದೆ, ಎಡಗಡೆ ಅವರಿಗೆ ಸರಿಯಾಗಿ ಕಾಣುವುದಿಲ್ಲವಂತೆ' ಅಂತ ಬರೆದಳು. ಇದನ್ನು ಓದಿದ ದಿನ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕನಿಕರವನ್ನು ಹೋಂವರ್ಕ್ ಕೊಡಲು ಆಗುವುದಿಲ್ಲ. ಕೊಟ್ಟರೆ ಮಕ್ಕಳು ನಟಿಸುತ್ತಾರೆ, ಅದರಲ್ಲಿ ಅವರು ಜಾಣರು. ಗಮನಿಸುವುದನ್ನು ಮಾತ್ರ ಕಲಿಸಬಹುದು, ಕಡ್ಡಾಯವೂ ಮಾಡಬಹುದು, ತಿದ್ದಲೂಬಹುದು. ಕನಿಕರ ಹುಟ್ಟಿದರೆ ಅದರಿಂದಲೇ ಹುಟ್ಟಬೇಕು. ಹುಟ್ಟದಿದ್ದರೂ ಅಜ್ಜಿಗೆ ಬಲಗಡೆಯಿಂದ ಊಟ ಸಿಗುತ್ತದೆ, ಅಲ್ವಾ?

ಉಗ್ರಾಣದ ಹುಡುಗನನ್ನು ನೋಡಿದಾಗ ಈ ಮಾತು ಇನ್ನೂ ಸರಿ ಅನ್ನಿಸುತ್ತದೆ. ಅವನಿಗೆ ವಯಸ್ಸಾದವರ ಹತ್ತಿರ ಕೂರಲು ಆಗುತ್ತಲೇ ಇರಲಿಲ್ಲ. ಮುಚ್ಚುಮರೆ ಇಲ್ಲದೆ ಹೇಳಿದ. ಸಿಸ್ಟರ್ ಅವನನ್ನು ಉಗ್ರಾಣಕ್ಕೆ ಹಾಕಿದರು. ಯಾವ ಮುಲಾಮಿನ ಅವಧಿ ಯಾವಾಗ ಮುಗಿಯುತ್ತದೆ, ಯಾವ ಅಳತೆಯ ಡೈಪರು ಎಷ್ಟು ಉಳಿದಿವೆ, ಎಲ್ಲ ಪಟ್ಟಿ ಮಾಡಿ, ಬೇಗ ಮುಗಿಯುವುದನ್ನು ಮುಂದೆ ಇಟ್ಟ. ಅವನ ನೋಟ್‌ಬುಕ್ಕಿನಲ್ಲಿ ಭಾವನೆಯ ಒಂದು ಸಾಲೂ ಇಲ್ಲ. ಆಶ್ರಮದಲ್ಲಿ ಎಲ್ಲರಿಗಿಂತ ಹೆಚ್ಚು ಹೊಗಳಿಸಿಕೊಂಡವನು ಅವನೇ.

ಎರಡನೆಯ ಪ್ರಶ್ನೆ, ಯಾಕೆ ಹಾಗಿದೆ ಅನ್ನುವುದು, ನಿಧಾನಕ್ಕೆ ಬಿಸಿಯಾಯಿತು. ಮಲಗಿದಲ್ಲೇ ಇರುವ ಅಜ್ಜಿಯೊಬ್ಬರ ಮಂಚದ ಪಕ್ಕದ ಕರೆಗಂಟೆಯ ದಾರವನ್ನು ಯಾರೋ ಮೇಲಕ್ಕೆ ಸುತ್ತಿ ಕಟ್ಟಿದ್ದರು. ಅಜ್ಜಿಯ ಕೈಗೆ ಎಟುಕುತ್ತಿರಲಿಲ್ಲ. ಹುಡುಗನೊಬ್ಬ ಇದನ್ನು ಬರೆದ. ಸಿಸ್ಟರಿಗೆ ಹೇಳಿದೆವು. ಗೋಡೆಗೆ ಬಣ್ಣ ಹೊಡೆಯುವಾಗ ಕಟ್ಟಿದ್ದು, ಹಾಗೇ ಉಳಿದಿತ್ತಂತೆ. ಅವತ್ತೇ ಬಿಚ್ಚಿದರು. ಅಲ್ಲಿಗೆ ಮುಗಿಯಬಹುದಿತ್ತು, ಆದರೆ ಆ ಹುಡುಗ ಮುಂದೆ ಹೋದ. ದಾರ ಕಟ್ಟಿದ್ದು ಇಷ್ಟು ದಿನ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ? ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ? ಅವರಿಗೆ ಸಂಬಳ ಎಷ್ಟು? ಈ ಅಜ್ಜಿಯರ ಮನೆಯವರು ಎಲ್ಲಿದ್ದಾರೆ? ಸಿಸ್ಟರ್ ಕೆಲವಕ್ಕೆ ಉತ್ತರ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಮನೆಯವರನ್ನು ಸುಲಭಕ್ಕೆ ಬೈಯಬೇಡಿ ಅಂತ ಮಾತ್ರ ಹೇಳಿದರು. ಇಡೀ ದಿನ ದುಡಿಯುವವರು ಮನೆಯಲ್ಲಿ ಮಲಗಿದವರನ್ನು ನೋಡಿಕೊಳ್ಳುವುದು ಹೇಗೆ ಅಂತ ನೀವೇ ಲೆಕ್ಕ ಹಾಕಿ ಅಂದರು. ನಾವು ನಿಜಕ್ಕೂ ಲೆಕ್ಕ ಹಾಕಿದೆವು, ಗಣಿತದ ತರಗತಿಯಲ್ಲೇ. ಉಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು, ಮಾತ್ರೆ. ಒಬ್ಬರ ದಿನ ಅದರಲ್ಲೇ ಮುಗಿದುಹೋಯಿತು.

ಜೆಸ್ವಿತರು ಅನ್ನುವ ಕಥೋಲಿಕ ಸನ್ಯಾಸಿ ಸಂಘದ ಮುಖ್ಯಸ್ಥರಾಗಿದ್ದ ಪೆದ್ರೊ ಅರುಪೆ 1973ರಲ್ಲಿ ಸ್ಪೇನಿನ ವೆಲೆನ್ಸಿಯದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ ಮಾತಾಡಿದರು. ಇತರರಿಗಾಗಿ ಬದುಕುವ ಮನುಷ್ಯರನ್ನು ರೂಪಿಸುವುದೇ ನಮ್ಮ ಶಿಕ್ಷಣದ ಗುರಿ ಅನ್ನುವ ಮಾತು ಕ್ರೈಸ್ತ ಶಾಲೆಗಳ ಗೋಡೆಗಳ ಮೇಲೆ ಬಂದದ್ದು ಅಲ್ಲಿಂದ. ಅದೇ ಭಾಷಣದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಗೋಡೆಗೆ ಹಾಕುವವರು ಕಡಿಮೆ. ನ್ಯಾಯಕ್ಕಾಗಿ ನಾವು ನಿಮ್ಮನ್ನು ಬೆಳೆಸಿದ್ದೇವೆಯೇ ಅಂತ ಕೇಳಿ, ಇಲ್ಲ ಅಂತ ಅವರೇ ಒಪ್ಪಿಕೊಂಡರು. ಉಣಿಸುವುದು ಒಂದು, ಉಣಿಸುವವರು ಯಾಕೆ ಸಾಲುವುದಿಲ್ಲ ಅಂತ ಕೇಳುವುದು ಇನ್ನೊಂದು. ಎರಡನೆಯದಕ್ಕೆ ಬಂದಾಗ ಶಾಲೆಗೆ ಸ್ವಲ್ಪ ಇರುಸುಮುರುಸಾಗುತ್ತದೆ. ನಮ್ಮಲ್ಲೂ ಆಯಿತು. ಮಕ್ಕಳು ರಾತ್ರಿ ಸಿಬ್ಬಂದಿಯ ವಿಷಯವಾಗಿ ಆಶ್ರಮದ ಆಡಳಿತ ಮಂಡಳಿಗೆ ಪತ್ರ ಬರೆಯುತ್ತೇವೆ ಅಂದರು. ಫಾದರ್ ಎರಡು ದಿನ ಯೋಚಿಸಿ, ಸಿಸ್ಟರನ್ನು ಕೇಳಿ, ಬರೆಯಿರಿ ಅಂದರು. ದಾನಿಗಳಿಗೂ ಇದನ್ನು ತೋರಿಸುತ್ತೇವೆ ಅಂತ ಮಂಡಳಿಯಿಂದ ಉತ್ತರ ಬಂತು. ಹೆಚ್ಚಿನದೇನೂ ಆಗಲಿಲ್ಲ.

ಸಂಜೆಪಾಠದ ಕಡೆ ಕಷ್ಟ ಬೇರೆ ಥರದ್ದು. ಸಣ್ಣ ಮಕ್ಕಳು ಬೇಗ ಹಚ್ಚಿಕೊಳ್ಳುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ನಮ್ಮ ಹುಡುಗರು ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಅಲ್ಲಿನ ಮಕ್ಕಳು ಪುಸ್ತಕ ಹಿಡಿದು ಬಾಗಿಲಲ್ಲಿ ಕೂತಿದ್ದರು ಅಂತ ಸಭಾಂಗಣ ನೋಡಿಕೊಳ್ಳುವವರು ಫೋನು ಮಾಡಿ ಹೇಳಿದರು. ಒಬ್ಬ ಪೋಷಕರು ಅದೇ ವಾರ, ಓದುವ ಹೊತ್ತು ಹಾಳಾಗುತ್ತಿದೆ ಅಂತ ಶಾಲೆಗೆ ಪತ್ರ ಬರೆದಿದ್ದರು. ಇಬ್ಬರದೂ ನ್ಯಾಯವೇ. ಕೊನೆಗೆ ಸರದಿ ಮಾಡಿದೆವು. ಯಾರು ಯಾವ ವಾರ ಬರುವುದಿಲ್ಲ ಅನ್ನುವುದನ್ನು ಆ ಮಕ್ಕಳಿಗೆ ಮೊದಲೇ ಮುಖಕ್ಕೆ ಮುಖ ಕೊಟ್ಟು ಹೇಳಿ ಬರಬೇಕು ಅನ್ನುವ ನಿಯಮವೂ ಬಂತು. ಹೇಳದೆ ಬಿಟ್ಟರೆ ಎಂಟು ವರ್ಷದ ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ.

ಈಸ್ಟರಿಗೆ ಮೊದಲು ಬರುವ ತಪಸ್ಸುಕಾಲದಲ್ಲಿ ಆಶ್ರಮದ ಒಬ್ಬ ಅಜ್ಜಿ ತೀರಿಕೊಂಡರು. ಮನೆಯವರು ಅಂತ ಬಂದವರು ಇಬ್ಬರೇ. ಕೆಲವು ಮಕ್ಕಳು ಅಂತ್ಯಕ್ರಿಯೆಗೆ ಹೋಗಬಹುದಾ ಅಂತ ಕೇಳಿದರು, ಪೋಷಕರ ಅನುಮತಿ ತೆಗೆದುಕೊಂಡು ಕರೆದೊಯ್ದೆ. ಕುರ್ಚಿ ಹಾಕಿದರು, ಬಂದವರಿಗೆ ನೀರು ಕೊಟ್ಟರು, ಹಾಡಿನ ಪುಸ್ತಕ ಹಂಚಿದರು. ಆ ಅಜ್ಜಿಗೆ ಉಣಿಸುತ್ತಿದ್ದ ಹುಡುಗಿ, ಕ್ರೈಸ್ತಳಲ್ಲ ಅಂತ ಮೊದಲ ದಿನ ಪ್ರಶ್ನೆ ಕೇಳಿದವಳೇ, ಎಲ್ಲ ಮುಗಿದ ಮೇಲೆ ಹತ್ತಿರ ಬಂದು "ಮಿಸ್, ಇದು ಗಂಟೆಗೆ ಸೇರುತ್ತಾ?" ಅಂತ ಕೇಳಿದಳು. ಜೊತೆಯವರು ಅವಳನ್ನು ಹೇಗೆ ನೋಡಿದರು ಅಂತೀರಿ! ನನಗೆ ಏನೂ ಅನ್ನಿಸಲಿಲ್ಲ. ಅವಳಿಗೆ ಗಂಟೆ ಕಡಿಮೆ ಇತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಬಂದಿದ್ದಳು, ಅಳುವುದನ್ನೂ ಅಳುತ್ತಲೇ ಇದ್ದಳು. ಎರಡೂ ಒಟ್ಟಿಗೆ ಇರಬಾರದು ಅಂತ ಯಾರು ಹೇಳಿದರು? ಫಾದರ್ ಹೇಳಿದ ಪಟ್ಟಿಯಲ್ಲಿ ಇದು ಏಳನೆಯದು, ಬರೆದುಕೋ ಅಂದೆ. 'ಎರಡು ಗಂಟೆ ನಲವತ್ತು ನಿಮಿಷ' ಅಂತ ಬರೆದಳು.

ವರ್ಷದ ಕೊನೆಗೆ ಇದಕ್ಕೆ ಗ್ರೇಡು ಕೊಡಬೇಕೋ ಬೇಡವೋ ಅಂತ ಸ್ಟಾಫ್ ರೂಮಿನಲ್ಲಿ ಸಾಕಷ್ಟು ಜಗಳವಾಯಿತು. ಕೊಡದಿದ್ದರೆ ಮಕ್ಕಳು ಹಗುರವಾಗಿ ತೆಗೆದುಕೊಳ್ಳುತ್ತಾರೆ ಅಂತ ಕೆಲವರು. ಕೊಟ್ಟರೆ ಅಜ್ಜಿಯರು ಪರೀಕ್ಷೆಯ ಪ್ರಶ್ನೆಗಳಾಗುತ್ತಾರೆ ಅಂತ ನಾನು. ಮುಗಿಸಿದ್ದಾರೆ, ಮುಗಿಸಿಲ್ಲ, ಎರಡೇ ಇರಲಿ ಅನ್ನುವುದಕ್ಕೆ ಒಪ್ಪಿಸಿದೆ. ಅದರ ಜೊತೆ ಪ್ರತಿಯೊಬ್ಬರನ್ನೂ ನೋಟ್‌ಬುಕ್ ಹಿಡಿದು ಕೂರಿಸಿಕೊಂಡು ಮಾತಾಡಿದೆ. ಆಶ್ರಮದವರ ಅಭಿಪ್ರಾಯವನ್ನೂ ಸಿಸ್ಟರ್ ಕೇಳಿ ಕಳಿಸಿದರು. 'ಆ ಹುಡುಗಿ ಜಾಸ್ತಿ ಮಾತಾಡ್ತಾಳೆ, ಆದರೂ ಕಳಿಸಿ' ಅಂತ ಒಬ್ಬ ಅಜ್ಜಿ ಹೇಳಿದ್ದರು. ಅದನ್ನು ಆ ಹುಡುಗಿಗೆ ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು, ಅದೇ ಒಂದು ಆಶ್ಚರ್ಯ.

ಮುಂದಿನ ವರ್ಷಕ್ಕೆ ಸಿಸ್ಟರ್ ತಮ್ಮ ಬೇಡಿಕೆ ಕಳಿಸಿದ್ದಾರೆ. ಮಕ್ಕಳ ಸಂಖ್ಯೆ ಕಡಿಮೆ ಮಾಡಿ, ಆದರೆ ಪರೀಕ್ಷೆಯ ತಿಂಗಳಲ್ಲೂ ಬರಲಿ. ಉಗ್ರಾಣದ ಹುಡುಗ ಹೊಸಬನೊಬ್ಬನಿಗೆ ಪಟ್ಟಿ ಹೇಳಿಕೊಟ್ಟು ಹೋಗಲಿ. ಮಧ್ಯಾಹ್ನದ ಊಟಕ್ಕೆ ಸಾಕಷ್ಟು ಕೈ ಇದೆ, ನಮಗೆ ಕಷ್ಟವಾಗುವುದು ಸಂಜೆಯ ಊಟ. ಸಂಜೆಯ ಊಟ ಅಂದರೆ ಶಾಲೆಯ ಬಸ್ಸು ಹೊರಟ ಮೇಲೆ. ಬಸ್ಸಿನವರ ಜೊತೆ ಮಾತಾಡಬೇಕು, ಭೌತಶಾಸ್ತ್ರದ ಲ್ಯಾಬು ಬೇರೆ ಅದೇ ದಿನ ಇದೆ, ಆ ಸರ್ ತಮ್ಮ ಪೀರಿಯಡ್ಡು ಬಿಟ್ಟುಕೊಡುವವರಲ್ಲ. ಸೋಮವಾರ ಫಾದರ್ ಎದುರಿಗೆ ಇಬ್ಬರನ್ನೂ ಕೂರಿಸಿ ಮಾತಾಡುವುದು ಅಂತ ಆಗಿದೆ.